ಒತ್ತಡದ ಜಾಡು ಹಿಡಿದು ಹೃದಯದೊಳಗೆ

ಶಾಲೆಯ ಜೀವಶಾಸ್ತ್ರದ ಪುಸ್ತಕದಲ್ಲಿ ಹೃದಯದ ಚಿತ್ರ ಇದ್ದೇ ಇರುತ್ತದೆ. ಅರ್ಧ ಕೆಂಪು, ಅರ್ಧ ನೀಲಿ, ನಾಲ್ಕು ಕೋಣೆ, ಹತ್ತಾರು ಬಾಣದ ಗುರುತು. ಪರೀಕ್ಷೆಯಲ್ಲಿ ಅಂಕ ತಂದುಕೊಡಲು ಆ ಚಿತ್ರ ಸಾಕು. ಆದರೆ ಹೃದಯ ಏಕೆ ಹಾಗಿದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಉತ್ತರ ಬೇಕಿದ್ದರೆ ಮಾಂಸದಂಗಡಿಯಿಂದ ಒಂದು ಕುರಿಯ ಗುಂಡಿಗೆ ತಂದು, ಚೂಪಾದ ಚಾಕುವಿನಿಂದ ಅಡ್ಡಲಾಗಿ ಕೊಯ್ದು ನೋಡುವುದು ಮೇಲು. ರಚನೆಯಲ್ಲಿ ಅದು ಬಹುಮಟ್ಟಿಗೆ ನಮ್ಮದರಂತೆಯೇ ಇರುತ್ತದೆ.

ಕೊಯ್ದ ಕೂಡಲೇ ಕಣ್ಣಿಗೆ ಬೀಳುವುದು ಗೋಡೆಗಳ ವ್ಯತ್ಯಾಸ. ಎಡಬದಿಯ ಕೆಳಗಿನ ಕೋಣೆಯ ಗೋಡೆ ದಪ್ಪ, ಬಿಗಿ. ಬೆರಳಿನಿಂದ ಒತ್ತಿದರೆ ಸುಲಭಕ್ಕೆ ಬಗ್ಗುವುದಿಲ್ಲ. ಬಲಬದಿಯದು ತೆಳು, ಒತ್ತಿದರೆ ಒಳಕ್ಕೆ ಕುಸಿಯುತ್ತದೆ. ಮನುಷ್ಯನ ಹೃದಯದಲ್ಲಿ ಎಡಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪವಿದ್ದರೆ ಬಲಗೋಡೆ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಆದರೂ ಎರಡೂ ಕೋಣೆಗಳು ಪ್ರತಿ ಬಡಿತದಲ್ಲಿ ಹೊರದೂಡುವ ರಕ್ತದ ಪ್ರಮಾಣ ಒಂದೇ: ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಸುಮಾರು 70 ಮಿಲಿಲೀಟರ್. ಮೊತ್ತ ಒಂದೇ ಆದರೂ ಗೋಡೆಯ ದಪ್ಪ ಮೂರು ಪಟ್ಟು ಏಕೆ? ಒತ್ತಡಕ್ಕಾಗಿ. ಎಡಕೋಣೆ ನೆತ್ತಿಯಿಂದ ಅಂಗಾಲಿನವರೆಗೆ ರಕ್ತ ತಲುಪಿಸಬೇಕು. ಅದು ಹುಟ್ಟಿಸುವ ಒತ್ತಡ ಸುಮಾರು 120 ಮಿಲಿಮೀಟರ್ ಪಾದರಸದಷ್ಟು. ಬಲಕೋಣೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳುಹಿಸಿದರಾಯಿತು. ಅದಕ್ಕೆ 25 ಸಾಕು. ಬಣ್ಣಗಳನ್ನು ಮರೆತು ಈ ಒತ್ತಡವೊಂದನ್ನೇ ಹಿಂಬಾಲಿಸಿದರೆ ಹೃದಯದ ಬಹುಪಾಲು ಒಗಟುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ದಾರಿಯನ್ನು ಚುಟುಕಾಗಿ ಹೇಳಿಬಿಡೋಣ. ದೇಹ ಸುತ್ತಿ ಬಂದ ರಕ್ತ ಎರಡು ಮಹಾ ಅಭಿಧಮನಿಗಳ ಮೂಲಕ ಬಲಬದಿಯ ಮೇಲಿನ ಕೋಣೆಯಾದ ಬಲ ಹೃತ್ಕರ್ಣಕ್ಕೆ ಬರುತ್ತದೆ. ಅಲ್ಲಿಂದ ಕೆಳಗಿನ ಕೋಣೆಯಾದ ಬಲ ಹೃತ್ಕುಕ್ಷಿ, ಅಲ್ಲಿಂದ ಶ್ವಾಸಕೋಶ. ಶ್ವಾಸಕೋಶದಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟು ಆಮ್ಲಜನಕ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ, ಆಮೇಲೆ ಎಡ ಹೃತ್ಕುಕ್ಷಿಗೆ, ಕೊನೆಗೆ ಮಹಾಪಧಮನಿಯ ಮೂಲಕ ಮತ್ತೆ ದೇಹಕ್ಕೆ. ಅಂದರೆ ಒಂದೇ ಗೂಡಿನಲ್ಲಿ ಅಂಟಿಕೊಂಡಿರುವ ಎರಡು ಪಂಪುಗಳು. ಒಂದರ ಹಿಂದೆ ಇನ್ನೊಂದು. ಒಟ್ಟು ತೂಕ 300 ಗ್ರಾಂ ಆಸುಪಾಸು, ಗಾತ್ರ ಅವರವರ ಮುಷ್ಟಿಯಷ್ಟು. ಹೃದಯ ಎಡಗಡೆ ಇದೆ ಎಂದು ನಾವು ಕೈಯಿಟ್ಟು ತೋರಿಸುತ್ತೇವಲ್ಲ, ಅದು ಪೂರ್ತಿ ನಿಜವಲ್ಲ. ಅದು ಎದೆಯ ಮಧ್ಯದಲ್ಲಿದ್ದು ಎಡಕ್ಕೆ ವಾಲಿಕೊಂಡಿದೆ. ತುದಿ ಎಡಗಡೆ ತಾಗುವುದರಿಂದ ಬಡಿತ ಅಲ್ಲಿ ಕೈಗೆ ಸಿಗುತ್ತದೆ.

ನೀಲಿ ಬಣ್ಣದ ಬಗ್ಗೆಯೂ ಒಂದು ಮಾತು. ನಮ್ಮ ದೇಹದಲ್ಲಿ ಎಲ್ಲಿಯೂ ನೀಲಿ ರಕ್ತವಿಲ್ಲ. ಮರಳಿ ಬರುವ ರಕ್ತ ಕಡುಗೆಂಪು, ಅಷ್ಟೇ. ಅದನ್ನು 'ಅಶುದ್ಧ' ಎಂದು ಬರೆಸುತ್ತಿದ್ದ ಮೇಷ್ಟರ ಮೇಲೆ ಕೋಪವೇನಿಲ್ಲ. ಆದರೆ ವಿಶ್ರಾಂತಿಯ ವೇಳೆ ಆ ರಕ್ತದಲ್ಲಿ ಹೊರಟಾಗ ಇದ್ದ ಆಮ್ಲಜನಕದ ಮುಕ್ಕಾಲು ಪಾಲು ಇನ್ನೂ ಉಳಿದಿರುತ್ತದೆ. ಓಡುವಾಗ, ಭಾರ ಹೊರುವಾಗ ಸ್ನಾಯುಗಳು ಬಳಸಿಕೊಳ್ಳುವುದು ಈ ಉಳಿತಾಯವನ್ನೇ.

ಈಗ ಕವಾಟಗಳು. ಕೊಯ್ದ ಗುಂಡಿಗೆಯಲ್ಲಿ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ತೆಳ್ಳನೆಯ ಬಿಳಿ ಪೊರೆಗಳು ಕಾಣುತ್ತವೆ. ಅವುಗಳ ಅಂಚಿನಿಂದ ಹೊಲಿಗೆಯ ದಾರದಂಥ ಎಳೆಗಳು ಹೊರಟು ಕೆಳಗಿನ ಗೋಡೆಯ ಸಣ್ಣ ಸ್ನಾಯುಗಂಬಗಳಿಗೆ ಕಟ್ಟಿಕೊಂಡಿರುತ್ತವೆ. ಎಳೆದು ನೋಡಿದರೆ ಆಶ್ಚರ್ಯವಾಗುವಷ್ಟು ಗಟ್ಟಿ. ಈ ಎಳೆಗಳು ಕವಾಟವನ್ನು ಎಳೆದು ತೆರೆಯುತ್ತವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಕವಾಟಕ್ಕೆ ಸ್ವಂತ ಶಕ್ತಿಯಿಲ್ಲ. ಮೇಲಿನ ಒತ್ತಡ ಹೆಚ್ಚಾದರೆ ಅದು ತೆರೆದುಕೊಳ್ಳುತ್ತದೆ, ಕೆಳಗಿನ ಒತ್ತಡ ಹೆಚ್ಚಾದರೆ ಮುಚ್ಚಿಕೊಳ್ಳುತ್ತದೆ. ಎಳೆಗಳ ಕೆಲಸ ಒಂದೇ: ಮುಚ್ಚಿದ ಪೊರೆ 120ರ ಒತ್ತಡಕ್ಕೆ ಹಿಮ್ಮುಖವಾಗಿ ಮಗುಚಿಕೊಳ್ಳದಂತೆ ಹಿಡಿದಿಡುವುದು.

ನಿಮಿಷಕ್ಕೆ 75 ಬಡಿತವೆಂದರೆ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ಕೆಳಗಿನ ಕೋಣೆಗಳು ಹಿಂಡುವುದು ಸುಮಾರು 0.3 ಸೆಕೆಂಡು, ಉಳಿದ 0.5 ಸೆಕೆಂಡು ಅವು ಸಡಿಲಗೊಂಡು ತುಂಬಿಕೊಳ್ಳುತ್ತವೆ. ತುಂಬಿಕೊಳ್ಳುವುದೂ ಬಹುಪಾಲು ತಾನಾಗಿಯೇ ನಡೆಯುತ್ತದೆ; ಕೆಳಗಿನ ಕೋಣೆಗೆ ಹೋಗಬೇಕಾದ ರಕ್ತದ ಸುಮಾರು ಮುಕ್ಕಾಲು ಪಾಲು ಹೃತ್ಕರ್ಣ ಹಿಂಡುವ ಮೊದಲೇ ಇಳಿದಿರುತ್ತದೆ. ಹೃತ್ಕರ್ಣ ಹಿಂಡುವುದು ಕೊನೆಯ ಉಳಿಕೆಯನ್ನು ತಳ್ಳುವುದಕ್ಕೆ. ಹಾಗಾಗಿಯೇ ಹೃತ್ಕರ್ಣಗಳು ಲಯ ತಪ್ಪಿ ಬರಿದೇ ಅದುರುತ್ತಿದ್ದರೂ ಎಷ್ಟೋ ಹಿರಿಯರು ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಅವರಿಗೆ ವೈದ್ಯರು ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಡುವ ಕಾರಣ ಬೇರೆ: ಸರಿಯಾಗಿ ಹಿಂಡದ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಗರಣೆಗಟ್ಟಿ, ಆ ತುಣುಕು ಮೆದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು.

ಕೆಳಗಿನ ಕೋಣೆ ಹಿಂಡಲು ಆರಂಭಿಸಿದ ಕ್ಷಣ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎರಡು ಕವಾಟಗಳು ಮುಚ್ಚುತ್ತವೆ, ಅದು 'ಲಬ್'. ಹಿಂಡುವುದು ಮುಗಿದು ಒತ್ತಡ ಇಳಿದಾಗ ಮಹಾಪಧಮನಿಯ ಮತ್ತು ಶ್ವಾಸಕೋಶದ ಅಪಧಮನಿಯ ಬಾಯಲ್ಲಿರುವ ಕವಾಟಗಳು ಮುಚ್ಚುತ್ತವೆ, ಅದು 'ಡಬ್'. ವೈದ್ಯರು ಸ್ಟೆತೊಸ್ಕೋಪಿನಲ್ಲಿ ಕೇಳುವುದು ಮುಚ್ಚುವ ಸದ್ದನ್ನು. ಆರೋಗ್ಯವಂತ ಕವಾಟ ತೆರೆಯುವಾಗ ಸದ್ದು ಮಾಡುವುದಿಲ್ಲ. ಎರಡು ಸದ್ದುಗಳ ನಡುವೆ 'ಸುಯ್' ಎಂಬ ಹರಿವಿನ ಶಬ್ದ ಕೇಳಿದರೆ ಯಾವುದೋ ಕವಾಟ ಸೋರುತ್ತಿದೆ ಅಥವಾ ಪೂರ್ತಿ ತೆರೆಯುತ್ತಿಲ್ಲ ಎಂಬ ಅನುಮಾನ. ಕೆಲವು ಮಕ್ಕಳಲ್ಲಿ ಏನೂ ತೊಂದರೆಯಿಲ್ಲದೆಯೂ ಅಂಥ ಶಬ್ದ ಕೇಳುವುದುಂಟು. ಆದರೆ ನಮ್ಮ ದೇಶದಲ್ಲಿ ರೂಮ್ಯಾಟಿಕ್ ಜ್ವರವನ್ನು ಮರೆಯುವಂತಿಲ್ಲ. ಬಾಲ್ಯದಲ್ಲಿ ಬಂದ ಗಂಟಲು ಸೋಂಕಿಗೆ ಸರಿಯಾದ ಚಿಕಿತ್ಸೆ ಸಿಗದೆ, ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆಯೇ ಕವಾಟಗಳ ಮೇಲೆ ಬೀಳುತ್ತದೆ. ಪೊರೆಗಳು ಗಡುಸಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೆಚ್ಚಾಗಿ ಪೆಟ್ಟು ತಿನ್ನುವುದು ಎಡಬದಿಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ.

ಒತ್ತಡವೇ ಬಾಗಿಲು ಮುಚ್ಚುತ್ತದೆ ಎಂಬುದಕ್ಕೆ ಅತ್ಯಂತ ಸೊಗಸಾದ ಸಾಕ್ಷಿ ನಾವೆಲ್ಲರೂ ಹುಟ್ಟಿದ ಗಳಿಗೆ. ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶದಲ್ಲಿ ಗಾಳಿಯಿಲ್ಲ, ದ್ರವ ತುಂಬಿದೆ. ಅಲ್ಲಿನ ರಕ್ತನಾಳಗಳು ಮುದುಡಿಕೊಂಡಿವೆ. ರಕ್ತವನ್ನು ಅಲ್ಲಿಗೆ ತಳ್ಳುವುದು ಕಷ್ಟ, ತಳ್ಳಿಯೂ ಪ್ರಯೋಜನವಿಲ್ಲ. ಆಮ್ಲಜನಕ ಬರುತ್ತಿರುವುದು ತಾಯಿಯ ಮಾಸಿನಿಂದ. ಹಾಗಾಗಿ ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಒಂದು ಅಂಡಾಕಾರದ ಕಂಡಿ ಇರುತ್ತದೆ. ಅದಕ್ಕೆ ಎಡಗಡೆಯಿಂದ ಒಂದು ಪೊರೆ ಜೋತುಬಿದ್ದಿರುತ್ತದೆ. ಬಲಗಡೆಯ ಒತ್ತಡ ಹೆಚ್ಚಿರುವುದರಿಂದ ಪೊರೆ ಸರಿದು ರಕ್ತ ನೇರವಾಗಿ ಎಡಕ್ಕೆ ದಾಟುತ್ತದೆ. ಮಗು ಹುಟ್ಟಿ ಮೊದಲ ಸಲ ಉಸಿರೆಳೆದು ಕಿರುಚಿದಾಗ ಶ್ವಾಸಕೋಶ ಅರಳುತ್ತದೆ, ಅಲ್ಲಿನ ನಾಳಗಳು ತೆರೆದುಕೊಳ್ಳುತ್ತವೆ, ಬಲಗಡೆಯ ಒತ್ತಡ ಕುಸಿಯುತ್ತದೆ. ಅದೇ ಹೊತ್ತಿಗೆ ಶ್ವಾಸಕೋಶದಿಂದ ಧಾರಾಳವಾಗಿ ರಕ್ತ ಬಂದು ಎಡಗಡೆಯ ಒತ್ತಡ ಏರುತ್ತದೆ. ಪೊರೆ ಗೋಡೆಗೆ ಒರಗಿ ಕಂಡಿಯನ್ನು ಮುಚ್ಚುತ್ತದೆ. ಬರಬರುತ್ತಾ ಅದು ಬೆಸೆದುಕೊಳ್ಳುತ್ತದೆ. ನಾಲ್ವರಲ್ಲಿ ಸುಮಾರು ಒಬ್ಬರಲ್ಲಿ ಪೂರ್ತಿ ಬೆಸೆಯುವುದಿಲ್ಲ. ಎಡಗಡೆಯ ಒತ್ತಡವೇ ಅದನ್ನು ಮುಚ್ಚಿಟ್ಟಿರುವುದರಿಂದ ಹೆಚ್ಚಿನವರಿಗೆ ಜೀವಮಾನವಿಡೀ ಅದು ಗೊತ್ತಾಗುವುದೇ ಇಲ್ಲ.

ಬಡಿತ ಶುರುಮಾಡುವವರು ಯಾರು? ಮೆದುಳಲ್ಲ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ವಿಶೇಷ ಜೀವಕೋಶಗಳ ಒಂದು ಸಣ್ಣ ಗುಂಪಿದೆ. ಯಾರೂ ಹೇಳದೆ, ಕೇಳದೆ ಅದು ತಾನಾಗಿ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಇದನ್ನು 1907ರಲ್ಲಿ ಗುರುತಿಸಿದವರು ಬ್ರಿಟನ್ನಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಅವರಿಗೆ ಅದು ಸಿಕ್ಕಿದ್ದು ನೆಲದಡಿ ಬಿಲ ತೋಡಿ ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ. ಅದಕ್ಕೂ ಒಂದು ವರ್ಷ ಹಿಂದೆ ಜಪಾನಿನ ಸುನಾವೊ ತವಾರಾ ಜರ್ಮನಿಯಲ್ಲಿ ಕೆಲಸ ಮಾಡುತ್ತ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ವಿದ್ಯುತ್ ಕೊಂಡಿಯನ್ನು ವಿವರಿಸಿದ್ದರು. ಸಂಕೇತ ಅಲ್ಲಿ ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗ ತಡೆದು ನಿಲ್ಲುತ್ತದೆ. ಈ ವಿಳಂಬ ಇರದಿದ್ದರೆ ಮೇಲಿನ ಕೋಣೆ ತನ್ನ ಪಾಲಿನ ರಕ್ತ ತಳ್ಳುವ ಮೊದಲೇ ಕೆಳಗಿನದು ಹಿಂಡಿಬಿಡುತ್ತಿತ್ತು. ಇಸಿಜಿ ಕಾಗದದಲ್ಲಿ ಮೊದಲು ಬರುವ ಸಣ್ಣ ದಿಬ್ಬಕ್ಕೂ ಆಮೇಲಿನ ಚೂಪು ಶಿಖರಕ್ಕೂ ನಡುವೆ ಕಾಣುವ ಚಪ್ಪಟೆ ಗೆರೆ ಈ ವಿಳಂಬದ ಗುರುತು.

ಮೆದುಳಿನಿಂದ ಬರುವ ನರಗಳು ವೇಗವನ್ನು ಏರಿಸಿ ಇಳಿಸುತ್ತವೆ, ಅಷ್ಟೇ. 1967ರ ಡಿಸೆಂಬರಿನಲ್ಲಿ ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಮೊದಲ ಬಾರಿಗೆ ಕಸಿ ಮಾಡಿದಾಗಿನಿಂದ ಇದು ಮತ್ತೆ ಮತ್ತೆ ಕಣ್ಣಿಗೆ ಕಾಣುತ್ತ ಬಂದಿದೆ. ಕಸಿ ಮಾಡಿದ ಹೃದಯಕ್ಕೆ ನರಗಳ ಸಂಪರ್ಕ ಕತ್ತರಿಸಿಹೋಗಿರುತ್ತದೆ, ಆದರೂ ಅದು ಬಡಿಯುತ್ತದೆ. ಅದೂ ಸುಮ್ಮನೆ ಕುಳಿತಿದ್ದಾಗಲೂ ನಿಮಿಷಕ್ಕೆ ನೂರರ ಆಸುಪಾಸು. ಅಂದರೆ ನಮ್ಮ 70, 75ರ ಬಡಿತ ಹೃದಯದ ಸಹಜ ವೇಗವಲ್ಲ; ಮೆದುಳಿನಿಂದ ಇಳಿದು ಬರುವ ವೇಗಸ್ ನರ ಸದಾ ಬ್ರೇಕ್ ಒತ್ತಿಹಿಡಿದಿರುವುದರ ಫಲ.

ರಕ್ತ ಸುತ್ತುತ್ತದೆ ಎಂಬುದು ಇಂದು ಮಕ್ಕಳಿಗೂ ಗೊತ್ತು. ಆದರೆ ಯುರೋಪಿನಲ್ಲಿ ಹದಿನಾಲ್ಕು ಶತಮಾನಗಳ ಕಾಲ ನಂಬಿದ್ದು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು: ಯಕೃತ್ತು ಊಟದಿಂದ ರಕ್ತ ತಯಾರಿಸುತ್ತದೆ, ಅಂಗಗಳು ಅದನ್ನು ಹೀರಿ ಮುಗಿಸುತ್ತವೆ, ಮತ್ತೆ ಹೊಸದು ತಯಾರಾಗುತ್ತದೆ. ಬಲಗಡೆಯ ರಕ್ತ ನಡುಗೋಡೆಯ ಕಾಣದ ರಂಧ್ರಗಳಿಂದ ಎಡಕ್ಕೆ ಜಿನುಗುತ್ತದೆ ಎಂದೂ ಅವನು ಹೇಳಿದ್ದ. ಅಂಥ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಹೋಗಬೇಕು ಎಂದು 13ನೇ ಶತಮಾನದಲ್ಲೇ ಕೈರೋದಲ್ಲಿದ್ದ ವೈದ್ಯ ಇಬ್ನ್ ಅಲ್‌ನಫೀಸ್ ಬರೆದಿಟ್ಟಿದ್ದ. ಗ್ಯಾಲೆನ್ನನ ಇಡೀ ಕಟ್ಟಡ ಕುಸಿದದ್ದು ಮಾತ್ರ 1628ರಲ್ಲಿ, ಇಂಗ್ಲೆಂಡಿನ ರಾಜವೈದ್ಯ ವಿಲಿಯಂ ಹಾರ್ವೆಯ ಪುಸ್ತಕದಿಂದ. ಅವನ ಪ್ರಬಲ ಅಸ್ತ್ರ ಬರಿಯ ಗುಣಾಕಾರ. ಒಂದು ಬಡಿತಕ್ಕೆ ಅರ್ಧ ಔನ್ಸ್ ರಕ್ತ ಹೊರಡುತ್ತದೆ ಎಂದುಕೊಳ್ಳಿ. ಅರ್ಧ ಗಂಟೆಗೆ ಸಾವಿರ ಬಡಿತ. ಐನೂರು ಔನ್ಸ್, ಅಂದರೆ ಸುಮಾರು 14 ಕಿಲೋ. ಯಾರು ಅರ್ಧ ಗಂಟೆಯಲ್ಲಿ ಅಷ್ಟು ರಕ್ತವಾಗುವಷ್ಟು ಉಣ್ಣಬಲ್ಲರು? ಅಷ್ಟು ರಕ್ತ ದೇಹದಲ್ಲೇ ಇಲ್ಲ. ಹಾಗಾದರೆ ಇರುವ ರಕ್ತವೇ ಸುತ್ತಿ ಬರುತ್ತಿರಬೇಕು. ಇಂದಿನ ಲೆಕ್ಕ ಇನ್ನೂ ದೊಡ್ಡದು: 70 ಮಿಲಿಲೀಟರ್, 70 ಬಡಿತ, ನಿಮಿಷಕ್ಕೆ ಐದು ಲೀಟರ್ ಹತ್ತಿರ. ನಮ್ಮಲ್ಲಿರುವ ರಕ್ತವೂ ಸುಮಾರು ಐದೇ ಲೀಟರ್.

ಹಾರ್ವೆ ತೋರಿಸಿದ ಇನ್ನೊಂದು ಪರೀಕ್ಷೆಯನ್ನು ಈಗಲೇ ಮಾಡಬಹುದು. ಮುಂಗೈಯ ಮೇಲೆ ಉಬ್ಬಿ ಕಾಣುವ ಒಂದು ಅಭಿಧಮನಿಯನ್ನು ಆರಿಸಿಕೊಳ್ಳಿ. ಕಾಣದಿದ್ದರೆ ಕೈ ಸ್ವಲ್ಪ ಹೊತ್ತು ಇಳಿಬಿಡಿ. ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈ ಕಡೆಗೆ ರಕ್ತವನ್ನು ಸವರಿ ತಳ್ಳಿ, ಆ ಎರಡನೇ ಬೆರಳನ್ನು ಎತ್ತಿ. ನಾಳ ಚಪ್ಪಟೆಯಾಗಿ ಮಾಯವಾಗುತ್ತದೆ, ಮೇಲಿನಿಂದ ರಕ್ತ ವಾಪಸು ಇಳಿಯುವುದಿಲ್ಲ. ಎಲ್ಲಿಗೆ ಬಂದು ನಿಂತಿತೋ ಅಲ್ಲೊಂದು ಕವಾಟವಿದೆ. ಮೊದಲ ಬೆರಳು ತೆಗೆದ ಕೂಡಲೇ ಮಣಿಕಟ್ಟಿನ ಕಡೆಯಿಂದ ನಾಳ ತುಂಬಿಕೊಳ್ಳುತ್ತದೆ. ಈ ಕವಾಟಗಳನ್ನು ಹಾರ್ವೆಯ ಗುರು, ಇಟಲಿಯ ಪಾದುವಾದ ಫ್ಯಾಬ್ರಿಶಿಯಸ್ ಮೊದಲೇ ವರ್ಣಿಸಿದ್ದ. ಆದರೆ ಅವು ರಕ್ತ ಕೈಕಾಲುಗಳಿಗೆ ಒಮ್ಮೆಲೇ ನುಗ್ಗದಂತೆ ನಿಧಾನಿಸಲು ಇವೆ ಎಂದು ಬಗೆದಿದ್ದ. ಕಣ್ಣೆದುರಿಗಿದ್ದರೂ ದಿಕ್ಕು ಹೊಳೆಯಲಿಲ್ಲ. ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೆ ದಾಟುತ್ತದೆ ಎಂಬುದನ್ನು ಹಾರ್ವೆಯೂ ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ಮಾಲ್ಪೀಘಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶದಲ್ಲಿ ಅವೆರಡನ್ನೂ ಜೋಡಿಸುವ ಅತಿ ಸಣ್ಣ ಲೋಮನಾಳಗಳನ್ನು ಕಂಡ.

ಬಿ.ಪಿ. ನೋಡುವಾಗ ಎರಡು ಅಂಕಿ ಬರುತ್ತವಲ್ಲ, 120/80 ಎಂದು. ಮೊದಲನೆಯದು ಹೃದಯ ಹಿಂಡಿದಾಗಿನ ಒತ್ತಡ ಎಂಬುದು ಸರಿ. ಎರಡನೆಯದು ಹೃದಯ ಸಡಿಲಗೊಂಡಾಗಿನದು. ಆದರೆ ಸಡಿಲಗೊಂಡ ಎಡ ಹೃತ್ಕುಕ್ಷಿಯೊಳಗಿನ ಒತ್ತಡ ಸೊನ್ನೆಯ ಹತ್ತಿರಕ್ಕೆ ಇಳಿದಿರುತ್ತದೆ; ಹಾಗಿದ್ದರೆ ತೋಳಿನಲ್ಲಿ 80 ಎಲ್ಲಿಂದ ಬಂತು? ಮಹಾಪಧಮನಿಯಿಂದ. ಅದರ ಗೋಡೆ ರಬ್ಬರಿನಂತೆ ಹಿಗ್ಗುತ್ತದೆ. ಹೃದಯ ಹಿಂಡಿದಾಗ ಹಿಗ್ಗಿ ಸ್ವಲ್ಪ ರಕ್ತವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕವಾಟ ಮುಚ್ಚಿದ ಮೇಲೆ ಕುಗ್ಗುತ್ತಾ ಅದನ್ನು ಮುಂದಕ್ಕೆ ತಳ್ಳುತ್ತದೆ. ಹೃದಯ ಬಿಟ್ಟು ಬಿಟ್ಟು ಹಿಂಡಿದರೂ ಹರಿವು ನಿಲ್ಲದಿರುವುದು ಇದರಿಂದ. ವಯಸ್ಸಾದಂತೆ ಈ ಗೋಡೆ ಗಡುಸಾಗುತ್ತದೆ. ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಅಜ್ಜಿಯ ಬಿ.ಪಿ. 160/70 ಎಂದು ಬಂದರೆ ಯಂತ್ರವನ್ನು ಬೈಯುವ ಅಗತ್ಯವಿಲ್ಲ. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ.

ಒತ್ತಡವನ್ನು ಮೊದಲು ಅಳೆದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. 1733ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವನು ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿದ. ರಕ್ತ ಎಂಟು ಅಡಿಗೂ ಮೇಲೆ ಏರಿ ನಿಂತಿತು. ನಮ್ಮ ತೋಳಿಗೆ ಪಟ್ಟಿ ಸುತ್ತಿ, ಅದರ ಕೆಳಗೆ ಸ್ಟೆತೊಸ್ಕೋಪಿಟ್ಟು ಸದ್ದು ಕೇಳುವ ವಿಧಾನ 1905ರಲ್ಲಿ ರಷ್ಯಾದ ಶಸ್ತ್ರವೈದ್ಯ ಕೊರೊಟ್ಕಾಫ್ ಕೊಟ್ಟದ್ದು. ಪಟ್ಟಿ ಪೂರ್ತಿ ಬಿಗಿದಾಗ ಹರಿವಿಲ್ಲ, ಸದ್ದಿಲ್ಲ. ಗಾಳಿ ಬಿಡುತ್ತಾ ಬಂದಂತೆ ಒಂದು ಹಂತದಲ್ಲಿ ಹಿಂಡುವಿಕೆಯ ತುದಿಯಲ್ಲಿ ಮಾತ್ರ ರಕ್ತ ನುಸುಳಿ 'ಟಕ್' ಎನ್ನುತ್ತದೆ. ಅದು ಮೇಲಿನ ಅಂಕಿ. ನಾಳ ಪೂರ್ತಿ ತೆರೆದು ಸದ್ದು ಅಡಗಿದಾಗ ಸಿಗುವುದು ಕೆಳಗಿನದು.

ಮಹಾಪಧಮನಿಯಲ್ಲಿ ಸರಾಸರಿ 95ರಷ್ಟಿರುವ ಒತ್ತಡ ಲೋಮನಾಳ ಮುಟ್ಟುವಷ್ಟರಲ್ಲಿ 35ಕ್ಕೆ ಬಂದಿರುತ್ತದೆ. ಬಹುಪಾಲು ಇಳಿಕೆ ಆಗುವುದು ಲೋಮನಾಳಕ್ಕೆ ಮುಂಚಿನ ಕಿರು ಅಪಧಮನಿಗಳಲ್ಲಿ. ಇವುಗಳ ಗೋಡೆಯ ಸ್ನಾಯು ಬಿಗಿದು ಸಡಿಲಾಗಿ, ಯಾವ ಅಂಗಕ್ಕೆ ಎಷ್ಟು ರಕ್ತ ಎಂದು ನಿರ್ಧರಿಸುತ್ತದೆ. ನಾಳದ ಒಳವ್ಯಾಸ ಅರ್ಧಕ್ಕಿಳಿದರೆ, ಅದೇ ಒತ್ತಡದಲ್ಲಿ ಹರಿವು ಅರ್ಧವಾಗುವುದಿಲ್ಲ. ಹದಿನಾರನೇ ಒಂದು ಭಾಗವಾಗುತ್ತದೆ. ಹಾಗಾಗಿ ಕೂದಲೆಳೆಯಷ್ಟು ಬದಲಾವಣೆಯೇ ಸಾಕು. ವಿಶ್ರಾಂತಿಯಲ್ಲಿ ಎಲ್ಲ ಸ್ನಾಯುಗಳಿಗೂ ಸೇರಿ ನಿಮಿಷಕ್ಕೆ ಒಂದು ಲೀಟರಿನಷ್ಟು ಹೋಗುತ್ತಿದ್ದ ರಕ್ತ, ಬಿರುಸಾಗಿ ಓಡುವಾಗ ಹತ್ತು ಲೀಟರ್ ದಾಟುತ್ತದೆ. ಆಗ ಕರುಳಿನ ಪಾಲು ಕಡಿತವಾಗುತ್ತದೆ. ಉಂಡ ಕೂಡಲೇ ಓಡಿದರೆ ಹೊಟ್ಟೆ ತಕರಾರು ಎತ್ತಲು ಇದೂ ಒಂದು ಕಾರಣ. ಮೆದುಳಿನ ಪಾಲಿಗೆ ಮಾತ್ರ ಕೈಹಚ್ಚುವಂತಿಲ್ಲ.

ಲೋಮನಾಳದಲ್ಲಿ ರಕ್ತ ನಿಧಾನವಾಗುತ್ತದೆ. ನಾಳ ಕಿರಿದಾದರೆ ವೇಗ ಹೆಚ್ಚಬೇಕಲ್ಲ ಎನ್ನಿಸಬಹುದು. ತೂಬಿನಲ್ಲಿ ಭೋರ್ಗರೆಯುವ ಕೆರೆಯ ನೀರು ಕವಲು ಕವಲಾಗಿ ಒಡೆದು ಗದ್ದೆಯಿಡೀ ಹರಡಿದಾಗ ನಿಂತೇ ಹೋದಂತೆ ಕಾಣುವುದಿಲ್ಲವೇ, ಹಾಗೆ. ಒಂದೊಂದು ಲೋಮನಾಳವೂ ಸಣ್ಣದು, ಆದರೆ ಕೋಟಿಗಟ್ಟಲೆ ನಾಳಗಳ ಒಟ್ಟು ಅಗಲ ಮಹಾಪಧಮನಿಯದಕ್ಕಿಂತ ಎಷ್ಟೋ ಪಟ್ಟು. ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆ ವೇಗದಲ್ಲಿ, ಕೆಂಪು ರಕ್ತಕಣಗಳು ಮೈ ಮುದುಡಿಕೊಂಡು ಒಂದರ ಹಿಂದೊಂದು ಸಾಗುತ್ತವೆ. ಸಿಗುವ ಒಂದೆರಡು ಸೆಕೆಂಡಿನಲ್ಲಿ ಆಮ್ಲಜನಕ ಇಳಿಯಬೇಕು, ಇಂಗಾಲದ ಡೈಆಕ್ಸೈಡ್ ಹತ್ತಬೇಕು. ಇಷ್ಟೆಲ್ಲ ಏರ್ಪಾಡು ಇರುವುದು ಈ ಒಂದೆರಡು ಸೆಕೆಂಡಿಗಾಗಿ. ಇಲ್ಲಿ ಸೋರುವ ದ್ರವದಲ್ಲಿ ದಿನಕ್ಕೆ ಸುಮಾರು ಮೂರು ಲೀಟರನ್ನು ದುಗ್ಧನಾಳಗಳು ಬಳಿದು ರಕ್ತಕ್ಕೆ ಮರಳಿಸುತ್ತವೆ. ಆ ನಾಳಗಳು ಹುಳುವಿನಿಂದ ಹಾಳಾದರೆ ಏನಾಗುತ್ತದೆ ಎಂಬುದನ್ನು ಆನೆಕಾಲು ರೋಗ ತೋರಿಸುತ್ತದೆ.

ಮರಳುವ ಹೊತ್ತಿಗೆ ಒತ್ತಡ ಬಹಳ ಕಡಿಮೆ. ಬಲ ಹೃತ್ಕರ್ಣದ ಬಳಿ ಸೊನ್ನೆಯ ಹತ್ತಿರ. ದೇಹದ ಅರ್ಧಕ್ಕೂ ಹೆಚ್ಚು ರಕ್ತ ಯಾವಾಗಲೂ ಇರುವುದು ಈ ಸಡಿಲ ಅಭಿಧಮನಿಗಳಲ್ಲಿ. ನಿಂತಿರುವಾಗ ಪಾದದಿಂದ ಎದೆಯವರೆಗೆ ಅದನ್ನು ಏರಿಸುವವರು ಯಾರು? ಮೀನಖಂಡದ ಸ್ನಾಯುಗಳು. ಹೆಜ್ಜೆ ಇಟ್ಟಾಗಲೆಲ್ಲ ಅವು ಆಳದ ನಾಳಗಳನ್ನು ಹಿಂಡುತ್ತವೆ, ಕವಾಟಗಳು ಕೆಳಗಿಳಿಯಲು ಬಿಡುವುದಿಲ್ಲ. ಕಾಲು ಆಡಿಸದೆ ಬೆಂಗಳೂರಿನಿಂದ ಬೀದರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋದವರಿಗೆ ಬೆಳಿಗ್ಗೆ ಚಪ್ಪಲಿ ಬಿಗಿಯಾಗಿರುವುದು ಇದಕ್ಕೇ.

ಇಡೀ ದೇಹಕ್ಕೆ ರಕ್ತ ಕಳುಹಿಸುವ ಹೃದಯ ತನ್ನ ಕೋಣೆಗಳಲ್ಲಿ ತುಂಬಿರುವ ರಕ್ತದಿಂದ ಹೊಟ್ಟೆ ತುಂಬಿಸಿಕೊಳ್ಳಲಾರದು. ಗೋಡೆ ಅಷ್ಟು ದಪ್ಪ. ಮಹಾಪಧಮನಿಯ ಬುಡದಲ್ಲೇ ಹೊರಡುವ ಎರಡು ಕೊರೊನರಿ ಅಪಧಮನಿಗಳು ಅದರ ಮೈಮೇಲೆ ಹಬ್ಬಿ ರಕ್ತ ಕೊಡುತ್ತವೆ. ಇಲ್ಲೊಂದು ವಿಚಿತ್ರವಿದೆ. ಎಡಗೋಡೆ ಹಿಂಡುವಾಗ ತನ್ನೊಳಗಿನ ನಾಳಗಳನ್ನೇ ಹಿಸುಕಿಬಿಡುತ್ತದೆ. ಹಾಗಾಗಿ ಅದಕ್ಕೆ ರಕ್ತ ಸಿಗುವುದು ಮುಖ್ಯವಾಗಿ ಸಡಿಲಗೊಂಡ ಆ ಅರ್ಧ ಸೆಕೆಂಡಿನಲ್ಲಿ. ಬಡಿತ ಹೆಚ್ಚಿದಂತೆ ಕೆಲಸ ಹೆಚ್ಚುತ್ತದೆ, ಉಣ್ಣುವ ಸಮಯ ಕಡಿಮೆಯಾಗುತ್ತದೆ. ಉಳಿತಾಯವೂ ಇಲ್ಲ: ಬೇರೆ ಅಂಗಗಳು ಆಮ್ಲಜನಕದ ಕಾಲು ಪಾಲು ತೆಗೆದುಕೊಂಡರೆ, ಹೃದಯ ಸುಮ್ಮನಿದ್ದಾಗಲೇ ಮುಕ್ಕಾಲು ಪಾಲಿನಷ್ಟು ಹೀರಿರುತ್ತದೆ. ಹೆಚ್ಚು ಬೇಕೆಂದರೆ ಹರಿವು ಹೆಚ್ಚಬೇಕು, ಬೇರೆ ದಾರಿಯಿಲ್ಲ. ಕೊಬ್ಬು ಕಟ್ಟಿ ಕಿರಿದಾದ ನಾಳದಲ್ಲಿ ಹರಿವು ಹೆಚ್ಚಲಾರದು. ಮೆಟ್ಟಿಲು ಹತ್ತುವಾಗ ಎದೆ ಬಿಗಿದು, ನಿಂತರೆ ಸರಿಹೋಗುವ ನೋವು ಹುಟ್ಟುವುದು ಹೀಗೆ.

ಆ ಕೊಬ್ಬಿನ ಗಂಟು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿದರೆ ಹೃದಯಾಘಾತ. ಸುಮಾರು ಅರ್ಧ ಗಂಟೆಯಲ್ಲಿ ಸ್ನಾಯು ಸಾಯತೊಡಗುತ್ತದೆ, ಮುಂದಿನ ಕೆಲವು ಗಂಟೆಗಳಲ್ಲಿ ಹಾನಿ ಹರಡುತ್ತದೆ. ನೋವು ಎಡತೋಳು, ದವಡೆ, ಮೇಲುಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣ, ಹೃದಯದ ನೋವಿನ ನರಗಳೂ ಆ ಭಾಗಗಳ ನರಗಳೂ ಒಂದೇ ಕಡೆ ಹೋಗಿ ಸೇರುವುದು. ಮೆದುಳಿಗೆ ಮೂಲ ಯಾವುದೆಂದು ಬೇರ್ಪಡಿಸಲಾಗುವುದಿಲ್ಲ. 'ಗ್ಯಾಸ್' ಎಂದು ಸೋಡಾ ಕುಡಿದು ಮಲಗಿದವರ ಕಥೆ ಯಾವ ಊರಿನಲ್ಲಿಲ್ಲ? ಇಸಿಜಿ ತೆಗೆಯದೆ ಹೊರಗಿನಿಂದ ಹೇಳಲು ಬಾರದು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ದೊಡ್ಡಾಸ್ಪತ್ರೆಗೆ ಹೋಗಿ ಸ್ಟೆಂಟ್ ಹಾಕಿಸುವವರೆಗೆ ಕಾಯದೆ ಹರಿವನ್ನು ಮರಳಿಸುವುದು ಅದರ ಉದ್ದೇಶ.

ಹೃದಯಾಘಾತವೇ ಬೇರೆ, ಹೃದಯಸ್ತಂಭನವೇ ಬೇರೆ. ಮೊದಲನೆಯದರಲ್ಲಿ ನಾಳ ಮುಚ್ಚಿರುತ್ತದೆ, ಹೃದಯ ಬಡಿಯುತ್ತಿರುತ್ತದೆ, ರೋಗಿ ಮಾತನಾಡುತ್ತಿರಬಹುದು. ಎರಡನೆಯದರಲ್ಲಿ ವಿದ್ಯುತ್ ಲಯ ಕೆಟ್ಟು ಹಿಂಡುವಿಕೆಯೇ ನಿಂತಿರುತ್ತದೆ. ವ್ಯಕ್ತಿ ಕುಸಿದು ಬಿದ್ದು, ಕೂಗಿದರೆ ಓಗೊಡುವುದಿಲ್ಲ, ಉಸಿರಾಟ ಇರುವುದಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಬಿಟ್ಟಂತಿರುತ್ತದೆ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು. ಹೃದಯ ಸ್ತಂಭಿಸಿದಾಗ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಒತ್ತಿದಾಗ ರಕ್ತ ಮೆದುಳಿನತ್ತ ಹೋಗುತ್ತದೆ. ಪೂರ್ತಿ ಸಡಿಲ ಬಿಟ್ಟಾಗ ಕೊರೊನರಿ ನಾಳಗಳಿಗೆ ಇಳಿಯುತ್ತದೆ. ರಕ್ತನಾಳದೊಳಗಿನ ಈ ಒತ್ತಡ ಒಂದೇ ಸಲಕ್ಕೆ ಏಳುವುದಿಲ್ಲ, ಹಲವು ಬಾರಿ ಒತ್ತಿದ ಮೇಲೆ ಮೆಲ್ಲಗೆ ಏರುತ್ತದೆ. ನಾಡಿ ಬಂತೇ ಎಂದು ನೋಡಲು ಕೈ ತೆಗೆದರೆ ಸೆಕೆಂಡುಗಳಲ್ಲಿ ಕುಸಿಯುತ್ತದೆ, ಮತ್ತೆ ಮೊದಲಿನಿಂದ ಏರಿಸಬೇಕು. ಆದ್ದರಿಂದ ದಣಿದವರು ಎದ್ದು, ಪಕ್ಕದಲ್ಲಿ ಮೊಣಕಾಲೂರಿ ಕಾದಿರುವವರಿಗೆ ಜಾಗ ಬಿಡುವಾಗಲೂ ನಡುವೆ ಹೆಚ್ಚು ಅಂತರ ಬೀಳದಂತೆ ನೋಡಿಕೊಳ್ಳುತ್ತಾರೆ.